ಕಪ್ಪೆ ಮತ್ತು ಗರುಡನ ಹೋಲಿಕೆಯನ್ನು ನಾನು ಕತ್ತಿನಿಂದ ಶುರು ಮಾಡುತ್ತೇನೆ

ಉಭಯವಾಸಿಗೂ ಬೇಟೆಹಕ್ಕಿಗೂ ಇರುವ ವ್ಯತ್ಯಾಸ ಬರೆಯಿರಿ ಎಂದರೆ ನನ್ನ ಪ್ರೌಢಶಾಲೆಯ ಮಕ್ಕಳು ನಡುವೆ ಗೆರೆ ಎಳೆದು ಪಟ್ಟಿ ಮಾಡುತ್ತಾರೆ. ಹೃದಯದ ಕೋಣೆಗಳು ಇಲ್ಲಿ ಮೂರು, ಅಲ್ಲಿ ನಾಲ್ಕು, ಶೀತರಕ್ತ, ಬಿಸಿರಕ್ತ. ಅಂಕ ಬರುತ್ತದೆ, ಪ್ರಾಣಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಹೀಗಾಗಿ ಮುಂಗಾರಿನಲ್ಲಿ ಅವರನ್ನು ಗದ್ದೆಯ ಬದುವಿಗೆ ಕರೆದೊಯ್ಯುತ್ತೇನೆ. ಟಿಲ್ಲರ್ ಓಡಿದ ಕಡೆ ಏಡಿ, ಹುಳು, ಕಪ್ಪೆಗಳು ಮೇಲೇಳುತ್ತವೆ. ಅವುಗಳಿಗಾಗಿ ಬಿಳಿ ತಲೆಯ, ಕೆಂಗಂದು ರೆಕ್ಕೆಯ ಗರುಡ ಸುತ್ತು ಹಾಕುತ್ತದೆ. (ಕಂಡೊಡನೆ ಕೆನ್ನೆ ತಟ್ಟಿಕೊಂಡು ಕೈಮುಗಿಯುವವರು ನಮ್ಮಲ್ಲಿದ್ದಾರೆ, ಮುಗಿಯಲಿ, ಆಮೇಲೆ ನೋಡಲಿ.) ನಾನು ಕೇಳುವುದು ಇಷ್ಟೇ: ಪಕ್ಕಕ್ಕೆ ನೋಡಬೇಕಾದರೆ ಕಪ್ಪೆ ಏನು ಮಾಡುತ್ತದೆ, ಗರುಡ ಏನು ಮಾಡುತ್ತದೆ?

ಕಪ್ಪೆಗೆ ಕತ್ತಿನ ಕಶೇರುಮಣಿ ಒಂದೇ ಒಂದು. ತಲೆ ಹೊರಳದು, ಹೊರಳಿದರೆ ಇಡೀ ಮೈ. ಆ ಕೊರತೆಯನ್ನು ಉಬ್ಬುಗಣ್ಣು ತುಂಬುತ್ತದೆ. ಕೂತಲ್ಲಿಂದಲೇ ಸುತ್ತಲೂ ಕಾಣುತ್ತದೆ. ಗರುಡನದು ತದ್ವಿರುದ್ಧ. ದೊಡ್ಡ ಕಣ್ಣು ಗೂಡಿನಲ್ಲಿ ಬಿಗಿಯಾಗಿ ಕೂತಿರುವುದರಿಂದ ಅಲುಗುವುದೇ ಅಪರೂಪ. ಹಾಗಾಗಿ ಮಣಿಗಳು ಹೆಚ್ಚಿರುವ ಕತ್ತೇ ತಿರುಗಬೇಕು.

ಕಣ್ಣಿನ ಮಾತು ಬಂದ ಮೇಲೆ ಬಾಯಿಗೆ ಹೋಗುವುದು ಸುಲಭ. ಗರುಡ ಕಾಲಿನಿಂದ ಹಿಡಿದು, ಕೊಕ್ಕೆಯಂಥ ಕೊಕ್ಕಿನಿಂದ ಹರಿದು ತಿನ್ನುತ್ತದೆ. ಕಪ್ಪೆಯ ನಾಲಿಗೆಯ ಬುಡ ಬಾಯಿಯ ಮುಂಭಾಗದಲ್ಲಿದೆ, ತುದಿ ಒಳಗೆ. ಚಿಮ್ಮಿಸಿ ಹಿಡಿದದ್ದನ್ನು ಇಡಿಯಾಗಿಯೇ ನುಂಗುತ್ತದೆ. ನುಂಗುವಾಗ ಕಣ್ಣು ಮುಚ್ಚುವುದು ಸುಖಕ್ಕಲ್ಲ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಇದನ್ನು ಒಮ್ಮೆ ಕಂಡ ಮಗುವಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ.

ಉಸಿರಾಟಕ್ಕೆ ಕಪ್ಪೆಯ ಗಂಟಲು ನೋಡಿದರಾಯಿತು. ಪಕ್ಕೆಲುಬು ಇಲ್ಲದ್ದರಿಂದ ಗಂಟಲನ್ನೇ ತಿದಿಯಂತೆ ಒತ್ತಿ ಗಾಳಿಯನ್ನು ಒಳಗೆ ನೂಕುತ್ತದೆ. ಜೊತೆಗೆ ಒದ್ದೆ ಚರ್ಮವೂ ಉಸಿರಾಡುತ್ತದೆ. ಗರುಡನ ಉಸಿರಾಟಕ್ಕೆ ನೆರವಾಗುವ, ಶ್ವಾಸಕೋಶಕ್ಕೆ ಹೊಂದಿಕೊಂಡ ಗಾಳಿಚೀಲಗಳು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಕಪ್ಪುಹಲಗೆಯೇ ಗತಿ.

ಸಾಮ್ಯವನ್ನು ಪ್ರಯೋಗಾಲಯಕ್ಕೆ ಉಳಿಸಿಕೊಳ್ಳುತ್ತೇನೆ. ಗರುಡನ ರಕ್ತ ನಮಗೆಲ್ಲಿ ಸಿಗಬೇಕು? ಸಿದ್ಧ ಸ್ಲೈಡ್‌ಗಳಲ್ಲಿ ಕೋಳಿಯದೇ ಸಾಕು. ಕಪ್ಪೆಯ ಕೆಂಪು ರಕ್ತಕಣದಲ್ಲೂ ಹಕ್ಕಿಯದರಲ್ಲೂ ಕೋಶಕೇಂದ್ರ ಎದ್ದು ಕಾಣುತ್ತದೆ. ಪಕ್ಕದಲ್ಲಿ ಮನುಷ್ಯನ ಸ್ಲೈಡ್ ಇಟ್ಟರೆ ಅಲ್ಲಿ ಅದಿಲ್ಲ. ಈ ಮೂರರಲ್ಲಿ ಬೇರೆಯವರು ಯಾರು ಎಂದು ಕೇಳುತ್ತೇನೆ.

ಇದನ್ನು ಮಾಡಹೊರಟ ಶಿಕ್ಷಕರಿಗೆ ಒಂದು ಸೂಚನೆ: ಕಪ್ಪೆಯನ್ನು ಹಿಡಿಯಲು ಬಿಡಬೇಡಿ. ಕೈಗೆ ಮೆತ್ತಿದ ಉಪ್ಪು, ಸಾಬೂನು ಅದರ ಚರ್ಮಕ್ಕೆ ಒಳ್ಳೆಯದಲ್ಲ. ದೂರದಿಂದ ನೋಡಲು ಸಾಧಾರಣ ದುರ್ಬೀನು ಒಂದಿದ್ದರೆ ಎರಡಕ್ಕೂ ಆಗುತ್ತದೆ.