ಸ್ಯಾಂಪಲ್‌ಗಳನ್ನು ಎಸೆಯಬೇಡಿ, ಟೇಬಲ್‌ಗೆ ಹಾಕಿಡಿ

ಕೋಲಾರ ಜಿಲ್ಲೆಯ ಆರು ತಾಲೂಕುಗಳಲ್ಲಿ ಬೋರ್‌ವೆಲ್ ಕೊರೆಸಿದಾಗ ಎಷ್ಟು ಅಡಿಗೆ ನೀರು ಬಂತು ಅಂತ ಬರೆದಿಟ್ಟುಕೊಂಡಿದ್ದೆ. ಅದಕ್ಕೆ ಸ್ಟ್ಯಾನ್‌ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಒಂದು ಮಾಡೆಲ್ ಮಾಡಿದೆ. ಅದು ಒಂದೇ ಉತ್ತರ ಕೊಡುವುದಿಲ್ಲ, ಇರಬಹುದಾದ ಸಾವಿರಾರು ಉತ್ತರಗಳನ್ನು ಕೊಡುತ್ತದೆ; ಅವೇ ಸ್ಯಾಂಪಲ್‌ಗಳು. ತಾಲೂಕಿಗೊಂದು ಸರಾಸರಿ ಉಳಿಸಿಕೊಂಡು ಸ್ಯಾಂಪಲ್‌ಗಳನ್ನೆಲ್ಲ ಅಳಿಸಿಬಿಟ್ಟೆ. ಆಮೇಲೆ ಮುಳಬಾಗಿಲಿನ ಚಿಕ್ಕಪ್ಪ ಕೇಳಿದರು: "ನಮ್ ಕಡೆ ಶ್ರೀನಿವಾಸಪುರಕ್ಕಿಂತ ಆಳ ಅಂತೀಯಲ್ಲಮ್ಮ, ಎಷ್ಟು ಗ್ಯಾರಂಟಿ?" ಬರೀ ಎರಡು ಸರಾಸರಿಯಿಂದ ಅದನ್ನು ಹೇಳಲು ಆಗುವುದಿಲ್ಲ. ಮಾಡೆಲ್ ಮತ್ತೆ ಓಡಿಸಿದೆ.

ಈಗ ಎಲ್ಲವನ್ನೂ ಎಸ್‌ಕ್ಯೂಲೈಟ್‌ ಅನ್ನುವ ಚಿಕ್ಕ ಡೇಟಾಬೇಸ್‌ನಲ್ಲಿ ಇಡುತ್ತೇನೆ. ಒಂದೇ ಟೇಬಲ್, ಐದು ಕಾಲಂ: ರನ್ ನಂಬರ್ (ಮಾಡೆಲ್ ಎಷ್ಟನೇ ಸಲ ಓಡಿದ್ದು), ಚೈನ್ (ಸ್ಯಾಂಪಲ್ ತೆಗೆಯುವ ಪ್ರತ್ಯೇಕ ಸರಣಿ), ಇಟರೇಶನ್ (ಆ ಸರಣಿಯ ಎಷ್ಟನೇ ಸುತ್ತು), ವೇರಿಯಬಲ್ ಹೆಸರು (ಮಾಡೆಲ್ ಅಂದಾಜು ಮಾಡುವ ಸಂಗತಿ, ಉದಾಹರಣೆಗೆ ಒಂದು ತಾಲೂಕಿನ ಸರಾಸರಿ), ಬೆಲೆ (ಆ ವೇರಿಯಬಲ್‌ಗೆ ಬಂದ ಸಂಖ್ಯೆ). ಬೆಲೆಯ ಕಾಲಂ 'ರಿಯಲ್' (ದಶಮಾಂಶ ಸಂಖ್ಯೆ) ಆಗಿರಲಿ, 'ಟೆಕ್ಸ್ಟ್' ಬೇಡ. ವೇರಿಯಬಲ್‌ಗೊಂದು ಕಾಲಂ ಮಾಡಿದರೆ ಮಾಡೆಲ್ ಬದಲಾದಾಗೆಲ್ಲ ಟೇಬಲ್ ಕೂಡ ಬದಲಾಯಿಸಬೇಕು. ನಾನು ಸ್ಟ್ಯಾನ್ ಓಡಿಸುವುದು ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಿಂದ. ಅದರಲ್ಲಿ 'ಪೋಸ್ಟೀರಿಯರ್' ಪ್ಯಾಕೇಜ್ ಸ್ಯಾಂಪಲ್‌ಗಳನ್ನು ಡೇಟಾ ಫ್ರೇಮ್ (ಸಾಲು, ಕಾಲಂಗಳ ಪಟ್ಟಿ) ಮಾಡಿಕೊಡುತ್ತದೆ. ಅದನ್ನು 'ಪಿವಟ್ ಲಾಂಗರ್' ಫಂಕ್ಷನ್‌ನಿಂದ ಉದ್ದಕ್ಕೆ ತಿರುಗಿಸಿ, ಒಂದೊಂದು ಬೆಲೆಗೂ ಒಂದು ಸಾಲು ಬರುವ ಹಾಗೆ.

ಆರ್‌ನಿಂದ ಓಡಿಸಿದಾಗ ಸ್ಟ್ಯಾನ್ ಸುಮ್ನೆ ಬಿಟ್ಟರೆ 4 ಚೈನ್ ಓಡಿಸುತ್ತದೆ. ವಾರ್ಮಪ್ (ಲೆಕ್ಕಕ್ಕೆ ಹಿಡಿಯದ ಶುರುವಿನ ಸುತ್ತುಗಳು) ಬಿಟ್ಟು ಚೈನ್‌ಗೆ 1000 ಸ್ಯಾಂಪಲ್. ನನ್ನ ಮಾಡೆಲ್‌ನಲ್ಲಿ 8 ವೇರಿಯಬಲ್ ಇವೆ, ಒಟ್ಟು 32,000 ಸಾಲು. ಒಂದೊಂದೇ ಸಾಲು ಸೇರಿಸುತ್ತಾ ಕೂರಬೇಡಿ, ಪ್ರತಿ ಸಾಲಿಗೂ ಡಿಸ್ಕ್‌ಗೆ ಬರೆದು ತುಂಬಾ ನಿಧಾನವಾಗುತ್ತದೆ. ಆರ್‌ನ 'ಡಿಬಿ ರೈಟ್ ಟೇಬಲ್' ಫಂಕ್ಷನ್‌ಗೆ 'ಅಪೆಂಡ್' (ಇರುವುದಕ್ಕೆ ಸೇರಿಸು) ಕೊಟ್ಟು ಒಂದೇ ಏಟಿಗೆ ಬರೆಯಿರಿ. ಹುಡುಕಾಟ ಬೇಗ ಆಗಲು ಬೇಕಾದ ಇಂಡೆಕ್ಸ್ ಆಮೇಲೆ ಹಾಕಿ.

ಚೈನ್, ಇಟರೇಶನ್ ನಂಬರ್‌ಗಳನ್ನು ಮಾತ್ರ ಯಾವತ್ತೂ ಬಿಡಬೇಡಿ. ಇವು ಯಾಕೆ ಅಂತ ಅನ್ನಿಸಬಹುದು, ಅಲ್ವಾ? ಒಂದು ಇಟರೇಶನ್‌ನಲ್ಲಿ ಬಂದ ಬೆಲೆಗಳು ಒಂದು ಮನೆಯವರ ಹಾಗೆ. ಮುಳಬಾಗಿಲಿನ ಬೆಲೆ ಜಾಸ್ತಿ ಬಂದಾಗ ಶ್ರೀನಿವಾಸಪುರದ್ದೂ ಜಾಸ್ತಿ ಬಂದಿರಬಹುದು. ಆ ಜೋಡಿ ಕಳಚಿ ಯಾವುದರಿಂದಲೋ ಯಾವುದನ್ನೋ ಕಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಅದೇ ಟೇಬಲ್ಲನ್ನು ಎರಡು ಪ್ರತಿ ಅಂದುಕೊಂಡು ಒಂದಕ್ಕೊಂದು ಜಾಯಿನ್ ಮಾಡಿ, ಅಂದರೆ ಸಾಲಿಗೆ ಸಾಲು ಜೋಡಿಸಿ. ರನ್, ಚೈನ್, ಇಟರೇಶನ್ ಮೂರೂ ಒಂದೇ ಇರಬೇಕು. ಒಂದು ಕಡೆ ಮುಳಬಾಗಿಲು, ಇನ್ನೊಂದು ಕಡೆ ಶ್ರೀನಿವಾಸಪುರ. ಮುಳಬಾಗಿಲಿನ ಬೆಲೆ ದೊಡ್ಡದಿದೆಯಾ ಅನ್ನುವ ಹೋಲಿಕೆಯ ಸರಾಸರಿ ತೆಗೆಯಿರಿ. ಎಸ್‌ಕ್ಯೂಲೈಟ್‌ನಲ್ಲಿ ಹೌದು ಅಂದರೆ 1, ಇಲ್ಲ ಅಂದರೆ 0. ಹಾಗಾಗಿ ಆ ಸರಾಸರಿಯೇ ಚಿಕ್ಕಪ್ಪ ಕೇಳಿದ ಗ್ಯಾರಂಟಿ.

ರನ್‌ಗಳಿಗೆ ಇನ್ನೊಂದು ಚಿಕ್ಕ ಟೇಬಲ್ ಇಡಿ. ತಾರೀಖು, ಸೀಡ್ (ಅವೇ ಸ್ಯಾಂಪಲ್‌ಗಳು ಮತ್ತೆ ಬರಲಿ ಅಂತ ಕೊಡುವ ನಂಬರ್), ಯಾವ ಡೇಟಾ ಫೈಲ್ ಅಂತ ಅದರಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಹೊಸ ಬೋರ್‌ವೆಲ್‌ಗಳ ಲೆಕ್ಕ ಸೇರಿಸಿ ಮತ್ತೆ ಓಡಿಸಿದಾಗ, ಹಳೇ ರನ್ ಹಾಗೇ ಪಕ್ಕದಲ್ಲಿ ಇರುತ್ತದೆ.