ಹಿರಿಯರ ಓಡಾಟ ಮತ್ತು ವಾಸ: ಮೈಸೂರು, ಮಂಡ್ಯದ ಕುಟುಂಬಗಳು ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು

ವಯಸ್ಸಾದವರಿಗೆಂದು ಮನೆ ಹುಡುಕುವಾಗ ನಾವು ಬಾಡಿಗೆ, ನೀರು, ಗಾಳಿ-ಬೆಳಕು ಎಲ್ಲವನ್ನೂ ವಿಚಾರಿಸುತ್ತೇವೆ; ಆ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಎಷ್ಟು ದೂರ ನಡೆಯಬೇಕು ಎಂಬುದನ್ನು ಮಾತ್ರ ಕೇಳುವುದಿಲ್ಲ. ಮೈಸೂರಿನಲ್ಲಿ ನನ್ನ ತಾಯಿಗೆ ಮೊದಲ ಮಹಡಿಯ ಮನೆ ಮಾಡಿದಾಗ ನಾನೂ ಕೇಳಿರಲಿಲ್ಲ. ಹದಿನೆಂಟು ಮೆಟ್ಟಿಲು ಇಳಿದು, ಏರುದಾರಿಯಲ್ಲಿ ನಡೆದು ಬಸ್ ಹಿಡಿಯಬೇಕಾಗಿ ಬಂದದ್ದರಿಂದ ಮೂರೇ ತಿಂಗಳಲ್ಲಿ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಆದ್ದರಿಂದ ಓಡಾಟ ಮತ್ತು ಮನೆ, ಎರಡನ್ನೂ ಒಟ್ಟಿಗೇ ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.

60 ವರ್ಷ ತುಂಬಿದ ಕರ್ನಾಟಕದ ನಿವಾಸಿಗಳಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಪ್ರಯಾಣದರದ ಮೇಲೆ ಶೇಕಡಾ 25 ರಿಯಾಯಿತಿ ಇದೆ. ವಯಸ್ಸು ಮತ್ತು ವಿಳಾಸ ಇರುವ ಗುರುತಿನ ಚೀಟಿಯನ್ನು ಟಿಕೆಟ್ ಕೊಡುವ ಮೊದಲೇ ನಿರ್ವಾಹಕರಿಗೆ ತೋರಿಸಬೇಕು. ಮಹಿಳೆಯರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತದಂತಹ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಹಣ ಕೊಡುವುದಿಲ್ಲವಲ್ಲ ಎಂದು ಎಷ್ಟೋ ಅಜ್ಜಿಯರು ಟಿಕೆಟ್ ಕೇಳದೆ ಕುಳಿತುಬಿಡುತ್ತಾರೆ. ಆದರೆ ಶೂನ್ಯ ಮೊತ್ತದ ಆ ಟಿಕೆಟ್ ಪಡೆದು ಇಳಿಯುವವರೆಗೂ ಕೈಯಲ್ಲಿಟ್ಟುಕೊಳ್ಳುವುದು ಕಡ್ಡಾಯ.

ದರಕ್ಕಿಂತ ದೊಡ್ಡ ತೊಡಕು ಬಸ್ಸಿನ ಮೆಟ್ಟಿಲು. ನನ್ನ ತಾಯಿ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲಿನ ಕಂಬಿ ಹಿಡಿದು, ನೋವಿಲ್ಲದ ಎಡಗಾಲನ್ನು ಮೊದಲು ಮೇಲಿಟ್ಟು, ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡು, ಆಮೇಲೆ ಬಲಗಾಲನ್ನು ಎಳೆದುಕೊಳ್ಳುತ್ತಾರೆ. ಆ ಒಂದು ಕ್ಷಣವನ್ನು ಚಾಲಕರು ಕಾಯಬೇಕಾದರೆ ಬಸ್ಸಿನಲ್ಲಿ ನೂಕುನುಗ್ಗಲು ಇರಬಾರದು. ಆದ್ದರಿಂದ ಶಾಲೆ-ಕಚೇರಿಯ ಗದ್ದಲ ಮುಗಿದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ ಹೊರಡಿ. ಸಾಧ್ಯವಾದರೆ ಬಸ್ ಹೊರಡುವ ಜಾಗದಲ್ಲಿಯೇ ಹತ್ತಿ. ಮೈಸೂರಿನ ಕೆ.ಆರ್. ವೃತ್ತದ ಬಳಿಯ ನಗರ ಬಸ್ ನಿಲ್ದಾಣದಲ್ಲಿ ಬಸ್ ಸ್ವಲ್ಪ ಹೊತ್ತು ನಿಲ್ಲುವುದರಿಂದ ಹತ್ತಲು ಬಿಡುವು ಸಿಗುತ್ತದೆ, ಕೂರಲು ಜಾಗವೂ ಸಿಗುತ್ತದೆ. ತಗ್ಗಿನ ನೆಲದ (ಲೋ ಫ್ಲೋರ್) ಬಸ್ ಬರುವಂತಿದ್ದರೆ ಹತ್ತು ನಿಮಿಷ ಕಾದರೂ ನಷ್ಟವಿಲ್ಲ.

ಮಂಡ್ಯದಿಂದ ಮೈಸೂರಿನ ಆಸ್ಪತ್ರೆಗೆ ಬರುವವರು ಇಳಿಯುವ ಜಾಗವನ್ನು ಮೊದಲೇ ಯೋಚಿಸಬೇಕು. ಊರ ಬಸ್ಸುಗಳು ಬಂದು ನಿಲ್ಲುವ ಗ್ರಾಮಾಂತರ ನಿಲ್ದಾಣವೂ ನಗರ ಬಸ್ಸುಗಳು ಹೊರಡುವ ನಿಲ್ದಾಣವೂ ಬೇರೆ ಬೇರೆ ಇರುವುದರಿಂದ ಹಿರಿಯರನ್ನು ನಡೆಸಿಕೊಂಡು ಹೋಗದೆ ಆಟೋ ಹಿಡಿಯುವುದೇ ಸರಿ. ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಹೋಗುವವರಿಗೆ ರೈಲು ಅನುಕೂಲ, ಏಕೆಂದರೆ ರೈಲು ನಿಲ್ದಾಣದಿಂದ ಆ ರಸ್ತೆ ಹತ್ತಿರ. ರೈಲ್ವೆಯ ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ರಾತ್ರಿ ಪ್ರಯಾಣಕ್ಕೆ ಕೆಳಗಿನ ಬರ್ತ್‌ನ ಕೋಟಾ ಮಾತ್ರ ಇದೆ. ತುರ್ತಿಗೆ 108 ಆಂಬುಲೆನ್ಸ್ ಉಚಿತ.

ಈಗ ಮನೆ. ನೆಲಮಹಡಿಯೇ ಆಗಲಿ. ಬಚ್ಚಲುಮನೆಯನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ನೋಡಿ: ಹೊಸ್ತಿಲು ಎತ್ತರವಿರಬಾರದು, ಒದ್ದೆ ನೆಲ ಜಾರಬಾರದು, ಕಮೋಡಿನ ಪಕ್ಕದ ಗೋಡೆಗೆ ಗಟ್ಟಿ ಕಂಬಿ ಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ವೃದ್ಧಾಶ್ರಮ ಅಥವಾ ಆರೈಕೆ ಮನೆಯನ್ನು ಆರಿಸಿಕೊಳ್ಳುವವರು ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿ ನೋಡಬೇಕು. ರಾತ್ರಿ ಎಚ್ಚರವಿರುವವರು ಯಾರು, ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುತ್ತಾರೆಯೇ ಅಥವಾ ವಾಪಸು ಕಳಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ನಮ್ಮ ಸಂಬಂಧಿಕರೊಬ್ಬರು ಠೇವಣಿ ಕೊಟ್ಟು ರಸೀದಿ ಪಡೆಯದೆ ಬಂದರು. ಎರಡೇ ತಿಂಗಳಲ್ಲಿ ಅಲ್ಲಿಂದ ಹೊರಬಂದಾಗ ಒಂದು ರೂಪಾಯಿಯೂ ಹಿಂದಿರುಗಲಿಲ್ಲ. ಠೇವಣಿ ಯಾವಾಗ, ಎಷ್ಟು ವಾಪಸು ಎಂಬುದು ಕಾಗದದ ಮೇಲೆ ಇರಲೇಬೇಕು.

ಸ್ವಂತ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರು, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಆ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಂತೆ, ಅಂತಹ ಷರತ್ತು ಮುರಿದರೆ ದಾನವನ್ನು ರದ್ದುಪಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಷರತ್ತೇ ಬರೆಯದಿದ್ದರೆ ವಾದಿಸುವುದು ಕಷ್ಟವಾಗುತ್ತದೆ. ಮಕ್ಕಳೇ ಕೇಳುತ್ತಿರುವಾಗ ಇದನ್ನು ಬರೆಸಲು ಸಂಕೋಚವಾಗುವುದು ಸಹಜ, ಆದರೂ ಬರೆಸಿ.

ಅದೇ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಬೇಕಾದವರು, ಆ ನ್ಯಾಯಮಂಡಳಿಯ ಮುಖ್ಯಸ್ಥರಾದ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಮೈಸೂರು ಜಿಲ್ಲೆಯಲ್ಲಿ ಮೈಸೂರು, ಹುಣಸೂರು, ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ, ಪಾಂಡವಪುರ ಉಪವಿಭಾಗಗಳಿವೆ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ ಕರೆ ಮಾಡಿ. ಆ ಐದು ಅಂಕಿಗಳನ್ನು ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪಗೆ ಬರೆದು, ಅವರು ದಿನವೂ ಕೂರುವ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿಡಿ.