53,68,70,911ರ ಅಪವರ್ತನಗಳು: ನಾಲ್ಕೇ ಭಾಗಾಕಾರದಲ್ಲಿ

2ರ 29ನೇ ಘಾತದಲ್ಲಿ 1 ಕಳೆದರೆ 53,68,70,911. 2ರ ಯಾವ ಯಾವ ಘಾತದಲ್ಲಿ 1 ಕಳೆದರೆ ಅವಿಭಾಜ್ಯ ಸಿಗುತ್ತದೆಂದು 1644ರಲ್ಲಿ ಫ್ರೆಂಚ್ ಗಣಿತಜ್ಞ ಮರ್ಸೆನ್ ಕೊಟ್ಟ ಪಟ್ಟಿಯಲ್ಲಿ 29 ಇಲ್ಲ. ಅಂದರೆ ಈ ಸಂಖ್ಯೆ ಒಡೆಯಬೇಕು. ಇದರ ವರ್ಗಮೂಲ 23,170ಕ್ಕೆ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳೇ ಎರಡೂವರೆ ಸಾವಿರ ದಾಟುತ್ತವೆ. ಒಂದೊಂದರಿಂದಲೂ ಭಾಗಿಸುತ್ತಾ ಕೂರುವ ಅಗತ್ಯವಿಲ್ಲ. ನಾನು ಮಾಡಿದ್ದು ನಾಲ್ಕೇ ಭಾಗಾಕಾರ.

ಮೊದಲು ಜರಡಿ ಹಿಡಿದೆ. 29 ಅವಿಭಾಜ್ಯ. ಆದ್ದರಿಂದ ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯದಲ್ಲಿ 1 ಕಳೆದರೆ, ಉಳಿದದ್ದು ಫರ್ಮಾನ ಕಿರು ಪ್ರಮೇಯದ ಪ್ರಕಾರ 29ರ ಗುಣಕ. ಅದು ಸಮಸಂಖ್ಯೆಯೂ ಹೌದು, ಹಾಗಾಗಿ 58ರ ಗುಣಕ. ಇನ್ನೊಂದು ನಿಯಮವೂ ಇದೆ: ಅಂಥ ಅವಿಭಾಜ್ಯದಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ 2ರ 30ನೇ ಘಾತ 2ಕ್ಕೆ ಸಮ, ಅಂದರೆ 2 ಒಂದು ವರ್ಗ. ಹಾಗಾಗಬೇಕಾದರೆ ಆ ಅವಿಭಾಜ್ಯವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು.

ಎರಡೂ ಜರಡಿ ದಾಟಿ ಬರುವವು 175, 233, 407, 465, 639, 697, 871, 929, 1103... ಇವುಗಳಲ್ಲಿ 407 (11×37), 697 (17×41), 871 (13×67) ಅವಿಭಾಜ್ಯದಂತೆ ಕಂಡು ಮೋಸ ಮಾಡುತ್ತವೆ. ಅವನ್ನೂ, 5 ಅಥವಾ 3ರಿಂದ ಭಾಗವಾಗುವ 175, 465, 639ನ್ನೂ ಹೊಡೆದುಹಾಕಿದರೆ ಉಳಿಯುವುದು 233, 929, 1103.

ಭಾಗಿಸುವ ಮುಂಚೆ ಶೇಷದಲ್ಲೇ ಪರೀಕ್ಷಿಸುವುದು ನನ್ನ ರೂಢಿ. 233ಕ್ಕೆ ಹೀಗೆ: 2ರ 8ನೇ ಘಾತ 256, ಶೇಷ 23. ಅದರ ವರ್ಗ 529, ಶೇಷ 63. ಇದು 16ನೇ ಘಾತ. 63×23 = 1449, ಶೇಷ 51; ಇದು 24ನೇ ಘಾತ. 51×32 = 1632 = 7×233 + 1. ಶೇಷ 1 ಬಂತು, ಅಂದರೆ 233 ಭಾಗಿಸಿಯೇ ತೀರುತ್ತದೆ. ದೊಡ್ಡ ಸಂಖ್ಯೆಯನ್ನು ಮುಟ್ಟದೆಯೇ ಇದು ಗೊತ್ತಾಗುವುದು ನನಗೆ ಇಂದಿಗೂ ಬಲು ಇಷ್ಟ.

ಭಾಗಲಬ್ಧ 23,04,167. ಇಲ್ಲಿ ಹಲವರು ಎಡವುತ್ತಾರೆ: ಅದೇ 233 ಮತ್ತೊಮ್ಮೆ ಭಾಗಿಸುತ್ತದೆಯೇ ಎಂದು ನೋಡುವುದೇ ಇಲ್ಲ. ನೋಡಿದೆ, ಶೇಷ 30. 929ಕ್ಕೆ ಶೇಷ 247. 1103ಕ್ಕೆ ಸರಿಯಾಗಿ ಹೋಗಿ 2089 ಸಿಕ್ಕಿತು. 1103, 2089 ಎರಡನ್ನೂ ಬೇರೆಯಾಗಿ ಪರೀಕ್ಷಿಸಬೇಕಿಲ್ಲ. ಅವುಗಳ ಅವಿಭಾಜ್ಯ ಅಪವರ್ತನವೂ ಅದೇ ಜರಡಿ ದಾಟಬೇಕು, ಕನಿಷ್ಠ 233 ಇರಬೇಕು. 2089ರ ವರ್ಗಮೂಲವೇ 46 ಮುಟ್ಟುವುದಿಲ್ಲ.

233 × 1103 × 2089 = 53,68,70,911.

ತಾಳೆ ನೋಡಲು 9ರ ಶೇಷ ಒಂದೇ ಸಾಲದು, ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಅದಕ್ಕೆ ತಿಳಿಯುವುದಿಲ್ಲ. 11ರ ಶೇಷವನ್ನೂ ನೋಡಿ, ಎರಡೂ ಕಡೆ 5 ಬರುತ್ತದೆ.

ಘಾತಸೂಚಿ ಅವಿಭಾಜ್ಯವಲ್ಲದಿದ್ದರೆ ಮಾತ್ರ ಈ ಜರಡಿ ಕೈಕೊಡುತ್ತದೆ. 2ರ 9ನೇ ಘಾತದಲ್ಲಿ 1 ಕಳೆದರೆ 511 = 7×73. 73 ನಿಯಮಕ್ಕೆ ಸಿಗುತ್ತದೆ, 7 ಸಿಗುವುದಿಲ್ಲ, ಏಕೆಂದರೆ ಅದು ಆಗಲೇ 3ನೇ ಘಾತದಿಂದ ಬಂದದ್ದು.